ಕುಂಬಾರವಾಡದ ಐನೂರ ನಲವತ್ತೊಂದು ಚಿಕ್ಕಿ

ಕುಂಬಾರವಾಡ
20 ಡಿಸೆಂಬರ್ 2023

ಮುಂಡಗೋಡದ ಅಡಿವೆಯ್ಯನವರಿಗೆ ಕಾತರಿನಾ ಮಾಡುವ ನಮಸ್ಕಾರ.

ನನ್ನ ನೆನಪಿದೆಯೋ ಇಲ್ಲವೋ. ಹೋದ ತಿಂಗಳು ದಾಂಡೇಲಿಯಲ್ಲಿ ನೀವು ಆಕಾಶ ತೋರಿಸುವ ಶಿಬಿರ ಮಾಡಿದಿರಲ್ಲ, ಅಲ್ಲಿ ಎರಡು ದಿನ ಅಡುಗೆಗೆ ಬಂದಿದ್ದವಳು ನಾನು. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ನೀವು ಎರಡು ಸಲ ಹೇಳಿದ್ದಿರಿ, ಅದು ನನಗಂತೂ ನೆನಪಿದೆ. ರಾತ್ರಿ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಹಿಂದೆ ನಿಂತಿದ್ದೆ. "ಡಿಸೆಂಬರ್ ಹದಿನಾಲ್ಕಕ್ಕ ಬೀಳೂ ಉಲ್ಕಾ ಎಣಿಸಿ ಕೊಡವರು ಯಾರಾರ ಅದೀರೇನ್ರಿ?" ಎಂದು ನೀವು ಕೇಳಿದಾಗ ಕುರ್ಚಿಯಲ್ಲಿ ಕೂತವರೆಲ್ಲ ಮೊಬೈಲು ನೋಡತೊಡಗಿದರು. "ನಾ ಎಣಸ್ತೇನ್ರಿ" ಎಂದೆ. ನೀವು ನಗಲಿಲ್ಲ. ಹೆಸರು ಕೇಳಿ ಫಾರ್ಮು ಕೊಟ್ಟಿರಿ. ಅದನ್ನು ತುಂಬಿ ಇದರ ಜೊತೆ ಕಳಿಸಿದ್ದೇನೆ.

ಆ ರಾತ್ರಿ ಹೇಗೂ ಕಣ ಕಾಯಬೇಕಿತ್ತು. ಒಕ್ಕಿದ ಭತ್ತದ ರಾಶಿ ಅಲ್ಲೇ ಇತ್ತು, ಬಿಟ್ಟರೆ ಹಂದಿಗಳ ಪಾಲು. ನನ್ನ ಗಂಡ ಇನಾಸ ತಾನು ಕಾಯುತ್ತೇನೆಂದು ಜಂಬ ಕೊಚ್ಚಿ ಒಂಬತ್ತಕ್ಕೇ ಗೊರಕೆ ಹೊಡೆದ. ಪಕ್ಕದ ಮನೆಯ ಮಣಿಬಾಯಿ ಮಾವಶಿಯ ರಾಶಿಯೂ ಅದೇ ಕಣದಲ್ಲಿದ್ದುದರಿಂದ ಅವರೂ ಕಂಬಳಿ ತಂದರು. ನೀವು ಉಲ್ಕಾ ಎನ್ನುವ ಈ ಚಿಕ್ಕಿ ಬಿದ್ದರೆ ಎಲ್ಲೋ ಯಾರೋ ಸತ್ತರು, ಕಂಡವರು ಉಗುಳಿಬಿಡಬೇಕು ಎಂಬುದು ಮಾವಶಿಯ ನಂಬಿಕೆ. ಒಂದಕ್ಕೆ ಥೂ, ಎರಡಕ್ಕೆ ಥೂ. ಐವತ್ತಕ್ಕೆ ಅವರ ಬಾಯಿ ಒಣಗಿತು. "ಸಾಯವರು ಸಾಯ್ಲಿ ಬಿಡ, ನಂಗ ನೀರು ಕೊಡ" ಎಂದು ಕುಡಿದು ಮಲಗಿದರು. ಆಮೇಲೆ ನಾನೊಬ್ಬಳೇ.

ಕಣದಲ್ಲಿ ಭತ್ತ ಅಳೆಯುವ ಹಾಗೆಯೇ ಎಣಿಸಿದ್ದೇನೆ. ಚಿಕ್ಕಿ ಬಿದ್ದಂತೆ ಹುಣಸೆ ಬೀಜ ಮೊರಕ್ಕೆ. ಕಾಲು ತಾಸು ಮುಗಿದರೆ ಮೊರದ್ದನ್ನು ಎಣಿಸಿ ಫಾರ್ಮಿನ ಮನೆಯಲ್ಲಿ ಬರೆಯುವುದು. ಬ್ಯಾಟರಿಗೆ ನೀವು ಹೇಳಿದಂತೆ ಕೆಂಪು ಕಾಗದ ಸುತ್ತಿದ್ದೆ. ಒಂಬತ್ತೂವರೆಯಿಂದ ಮೂರೂವರೆ ತನಕ ಆರು ತಾಸು. ಒಟ್ಟು ಐನೂರ ನಲವತ್ತೊಂದು.

ಪುನರ್ವಸು ಎಂದರೆ ನಮಗೆ ನಾಟಿ ಗದ್ದೆಯಲ್ಲಿ ಬೆನ್ನ ಮೇಲೆ ಬೀಳುವ ಮಳೆ. ಅದು ಮೇಲೆ ಕೂತ ಎರಡು ಚಿಕ್ಕಿ ಎಂದು ನೀವು ತೋರಿಸಿದಾಗ ನಾನು ನಂಬಿರಲಿಲ್ಲ. ಈಗ ಅದರ ಹತ್ತಿರದಿಂದಲೇ ಒಂದರ ಹಿಂದೆ ಒಂದು ಹೊರಟು ಬರುತ್ತಿದ್ದವು. ಒಂದಂತೂ ಎಷ್ಟು ಬೆಳಕಾಯಿತೆಂದರೆ ಭತ್ತದ ರಾಶಿಯ ನೆರಳು ನೆಲದ ಮೇಲೆ ಬಿತ್ತು. ನನಗೆ ಅಳು ಬಂತು. ನಲವತ್ತು ವರ್ಷ ಈ ಆಕಾಶದ ಕೆಳಗೇ ಮಲಗಿದ್ದೇನೆ, ಮೇಲೆ ನೋಡು ಎಂದು ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು. ಹೋದ ವರ್ಷ ಗದ್ದೆಗೆ ಹಂದಿ ನುಗ್ಗಿದಾಗ ಹಾನಿ ಬರೆದುಕೊಳ್ಳಲು ಅರಣ್ಯ ಇಲಾಖೆಯ ಒಬ್ಬರು ಬಂದಿದ್ದರು. "ಎಷ್ಟು ಹಂದಿ?" ಎಂದರು. "ಹದಿನೇಳ್ರಿ, ನಾನ ಎಣಿಸೇನಿ" ಎಂದೆ. ಅವರು ನಕ್ಕು "ಮೂರು" ಎಂದು ಬರೆದುಕೊಂಡು ಹೋದರು. ಸಿದ್ದಿ ಹೆಂಗಸು, ಇವಳೇನು ಎಣಿಸುತ್ತಾಳೆ ಎಂದು ಅವರ ಮುಖದಲ್ಲೇ ಇತ್ತು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ ಎಂದವರು ನೀವೇ ಮೊದಲಿಗರು. ನಿಮ್ಮ ಆ ಉಪಕಾರ ದೊಡ್ಡದು.

ಕಾತರಿನಾ

ಮುಂಡಗೋಡ
6 ಜನವರಿ 2024

ಶ್ರೀಮತಿ ಕಾತರಿನಾ ಅವರಿಗೆ,

ಹಾಳೆ ತಲುಪಿತು. ಶ್ರಮಪಟ್ಟಿದ್ದೀರಿ, ಸಂತೋಷ.

ನಾನು ಗಡಿಯಾರ ರಿಪೇರಿಯವನು. ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ ನನಗೆ ಊಟ ಸೇರುವುದಿಲ್ಲ, ಮನೆಯವರು ಇದಕ್ಕೇ ಬೈಯುತ್ತಾರೆ. ನಮ್ಮ ಉಲ್ಕಾ ಬಳಗದಲ್ಲಿ ಹನ್ನೆರಡು ಜನ ಇದ್ದೇವೆ. ಇಪ್ಪತ್ತೆರಡು ವರ್ಷದಿಂದ ಎಲ್ಲರ ಅಂಕಿ ಕೂಡಿಸಿ, ವರ್ಷಕ್ಕೊಂದು ಹಾಳೆ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಹೊರದೇಶದ ಸಂಸ್ಥೆಗೆ ಕಳಿಸುತ್ತೇನೆ. ಫೋನಿನಲ್ಲಿ ಹೇಳಿದ ಅಂಕಿ ನಾನು ತೆಗೆದುಕೊಳ್ಳುವುದಿಲ್ಲ, ಕಾಗದದಲ್ಲಿ ಸಹಿ ಬೇಕು. ಹಾಗಾಗಿ ಯಾವ ಹಾಳೆ ಬಂದರೂ ಕೆಲವು ಪ್ರಶ್ನೆ ಕೇಳುವುದು ವಾಡಿಕೆ. ತಪ್ಪು ತಿಳಿಯಬೇಡಿರಿ.

ನಿಮ್ಮ ಗಡಿಯಾರ ಯಾವುದು, ಯಾವಾಗ ಹೊಂದಿಸಿದ್ದು? ನಡುವೆ ಕಣ್ಣು ಮುಚ್ಚಿತ್ತೇ? ವಿಮಾನದ ದೀಪ, ಮಿಣುಕು ಹುಳ, ಇವನ್ನು ಬೇರೆ ಮಾಡಿದಿರಾ? ಒಂದನ್ನೇ ಎರಡು ಸಲ ಎಣಿಸಿರಬಹುದೇ? ಪುನರ್ವಸುವಿನ ಕಡೆಯಿಂದ ಬಾರದ ಬೇರೆ ಉಲ್ಕೆಗಳೆಷ್ಟು? ಉಳಿದ ಪ್ರಶ್ನೆಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಒಟ್ಟು ಹನ್ನೊಂದು. ಮೊದಲ ಸಲ ನೋಡುವವರಿಗೆ ಉತ್ಸಾಹ ಇರುವುದು ಸಹಜ.

ಉಪ್ಪಿಟ್ಟು ಚೆನ್ನಾಗಿಯೇ ಇತ್ತು.

ಅಡಿವೆಯ್ಯ

ಕುಂಬಾರವಾಡ
28 ಜನವರಿ 2024

ಅಡಿವೆಯ್ಯ ಕಾಕಾ,

ಕಾಕಾ ಎಂದೆ, ಬೇಡವೆನಿಸಿದರೆ ಹೇಳಿರಿ. ಹನ್ನೊಂದು ಪ್ರಶ್ನೆ! ನನ್ನ ಮದುವೆಗೆ ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಕೇಳಿರಲಿಲ್ಲ. ಒಬ್ಬ ಮನುಷ್ಯ ನನ್ನ ಒಂದು ರಾತ್ರಿಯ ಬಗ್ಗೆ ಇಷ್ಟು ತಿಳಿಯಬೇಕು ಎಂದರೆ ನನಗೆ ಎಷ್ಟು ಖುಷಿಯಾಗಿರಬೇಡ. ಅಂಚೆಯ ಸಾತಪ್ಪ ಹೇಳಿದ, "ಅಕ್ಕಾ, ಇದು ಪೊಲೀಸರ ಕಾಗದ ಅನಸ್ತೈತಿ." ಪೆದ್ದ, ಅವನಿಗೇನು ಗೊತ್ತು.

ಗಡಿಯಾರ ಇನಾಸನದು, ಸಂಜೆ ರೇಡಿಯೋ ವಾರ್ತೆಗೆ ಹೊಂದಿಸಿದ್ದೆ. ಕಣ್ಣು ಮುಚ್ಚಿಲ್ಲ. ಹಂದಿ ಕಾಯುವವರಿಗೆ ಕಣ್ಣು ಮುಚ್ಚಿ ಅಭ್ಯಾಸವಿಲ್ಲ. ವಿಮಾನ ನಾಲ್ಕು ಹೋದವು, ಅವು ಮಿನುಗುತ್ತ ನಿಧಾನ ಹೋಗುತ್ತವೆ, ಎಣಿಸಿಲ್ಲ. ಡಿಸೆಂಬರದಲ್ಲಿ ನಮ್ಮಲ್ಲಿ ಮಿಣುಕು ಹುಳ ಇರುವುದಿಲ್ಲ, ಅವು ಮಳೆ ಹತ್ತುವ ಮುಂಚೆ ಬರುತ್ತವೆ. ಬೇರೆ ಕಡೆಯಿಂದ ಬಂದವು ಇಪ್ಪತ್ತಾರು, ಅವಕ್ಕೆ ಹೊಂಗೆ ಬೀಜ ಇಟ್ಟಿದ್ದೆ, ಈ ಲೆಕ್ಕದಲ್ಲಿ ಸೇರಿಸಿಲ್ಲ. ಉಳಿದದ್ದು ಹಿಂದಿನ ಪುಟದಲ್ಲಿದೆ.

ಜೋಯಿಡಾ ಬಸ್ಸಿನಲ್ಲಿ ಹೊಸ ಅಕ್ಕಿ ಕಳಿಸಿದ್ದೇನೆ. ಅದೇ ರಾಶಿಯದು, ಚಿಕ್ಕಿ ಬೀಳುವಾಗ ನನ್ನ ಪಕ್ಕದಲ್ಲಿದ್ದದ್ದು. ಅಚ್ಚಾದ ಹಾಳೆ ಯಾವಾಗ ಬರುತ್ತದೆ? ನನ್ನ ಹೆಸರು ಅಚ್ಚಿನಲ್ಲಿ ನಾನು ನೋಡಿದ್ದು ರೇಷನ್ ಕಾರ್ಡಿನಲ್ಲಿ ಮಾತ್ರ, ಅದೂ ತಪ್ಪಾಗಿದೆ.

ನಿಮ್ಮ ಕಾತರಿನಾ

ಮುಂಡಗೋಡ
19 ಮಾರ್ಚ್ 2024

ಶ್ರೀಮತಿ ಕಾತರಿನಾ ಅವರಿಗೆ,

ಅಕ್ಕಿ ತಲುಪಿತು. ಅನ್ನ ಬಹಳ ರುಚಿಯಾಗಿತ್ತು, ಮನೆಯವರು ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಉಪಕಾರ ಹೇಗೆ ತೀರಿಸಬೇಕೋ ತಿಳಿಯದು. ಒಂದು ನಕ್ಷತ್ರ ಪಟ ಕಳಿಸಿದ್ದೇನೆ.

ಅಂಗಡಿಯಲ್ಲಿ ಕೆಲಸ ಹೆಚ್ಚು. ಹಾಳೆಯ ವಿಷಯ ಮುಂದೆ ಬರೆಯುತ್ತೇನೆ.

ಅಡಿವೆಯ್ಯ

ಕುಂಬಾರವಾಡ
9 ಜೂನ್ 2024

ಅಡಿವೆಯ್ಯನವರಿಗೆ,

ನಿನ್ನೆ ದಾಂಡೇಲಿಗೆ ಹೋಗಿದ್ದೆ. ನಿಮ್ಮ ಬಳಗದ ರುದ್ರೇಶ ಅವರ ಝೆರಾಕ್ಸ್ ಅಂಗಡಿಗೆ ಮಗಳ ಕಾಗದ ಮಾಡಿಸಲು ಹೋದರೆ, ಗೋಡೆಗೆ ನಿಮ್ಮ ಹಾಳೆ ಅಂಟಿಸಿದ್ದರು. ಫೆಬ್ರವರಿಯಲ್ಲೇ ಅಚ್ಚಾಗಿದೆ. ನನ್ನ ಅಕ್ಕಿ ಉಣ್ಣುವಾಗ ಅದು ನಿಮ್ಮ ಮೇಜಿನ ಮೇಲೇ ಇತ್ತು ಎಂದಾಯಿತು.

ಹನ್ನೆರಡು ಹೆಸರಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: "ಕುಂಬಾರವಾಡದ ಹೊಸ ವೀಕ್ಷಕರೊಬ್ಬರ ಅಂಕಿಗಳು ವಿಶ್ವಾಸಾರ್ಹವಲ್ಲದ ಕಾರಣ ಕೈಬಿಡಲಾಗಿದೆ." ನನಗೆ ಆ ಉದ್ದದ ಪದ ತಿಳಿಯಲಿಲ್ಲ. ರುದ್ರೇಶ ಅವರನ್ನೇ ಕೇಳಿದೆ. ಅದು ನಾನೇ ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ. "ಯಾರೋ ಸುಳ್ಳು ಬರದ ಕಳಸ್ಯಾರ್ರೀ" ಎಂದರು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನಾನು ಝೆರಾಕ್ಸಿನ ಚಿಲ್ಲರೆ ಬಿಟ್ಟು ಬಂದೆ.

ಹನ್ನೊಂದು ಪ್ರಶ್ನೆ ಕೇಳಿದ್ದು ಯಾಕೆಂದು ಈಗ ಗೊತ್ತಾಯಿತು. ಸಾತಪ್ಪನೇ ಜಾಣ. ಹದಿನೇಳನ್ನು ಮೂರು ಮಾಡಿದವರು ಮೂರನ್ನಾದರೂ ಬರೆದುಕೊಂಡರು. ನೀವು ಸೊನ್ನೆ ಮಾಡಿದಿರಿ. ಅವರು ನನ್ನ ಮುಖದ ಮೇಲೆ ನಕ್ಕರು, ನೀವು ನಕ್ಷತ್ರ ಪಟ ಕಳಿಸಿದಿರಿ.

ಮಿರಗ ಮಳೆ ಹಿಡಿದಿದೆ. ಇನ್ನು ನಾಲ್ಕು ತಿಂಗಳು ನಮಗೆ ಆಕಾಶವೇ ಇಲ್ಲ. ಒಳ್ಳೆಯದೇ ಆಯಿತು.

ಕಾತರಿನಾ

ಮುಂಡಗೋಡ
30 ಸೆಪ್ಟೆಂಬರ್ 2024

ಕಾತರಿನಾ ಅವರಿಗೆ,

ನಿಮ್ಮ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದಿದ್ದೇನೆ. ಇದನ್ನು ಓದುವ ಮೊದಲೇ ಒಲೆಗೆ ಹಾಕಿದರೂ ನನಗೆ ಮಾತಿಲ್ಲ.

ನೀವು ಕೇಳಿದಾಗ ನೇರವಾಗಿ ಹೇಳದೆ ಇದ್ದದ್ದು ನನ್ನ ಹೇಡಿತನ. ಅದಕ್ಕೆ ಕ್ಷಮೆ ಬೇಡುತ್ತೇನೆ. ಆದರೆ ಅಂಕಿ ಕೈಬಿಟ್ಟದ್ದಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಬಳಗದ ಯಾರೂ ಒಂದು ತಾಸಿಗೆ ಎಪ್ಪತ್ನಾಲ್ಕು ದಾಟಿಲ್ಲ. ಆ ಎಪ್ಪತ್ನಾಲ್ಕು ನನ್ನದೇ, 2004ರದು. ನಿಮ್ಮ ಹಾಳೆಯಲ್ಲಿ ಒಂದು ತಾಸಿಗೆ ನೂರ ಹನ್ನೆರಡು ಇದೆ. ಅದೇ ರಾತ್ರಿ ಅದೇ ತಾಸಿನಲ್ಲಿ ನಾನು ಕಂಡದ್ದು ನಲವತ್ತಾರು. ನನ್ನ ಜಾಗದಲ್ಲಿ ಕೂತು ನೋಡಿದರೆ ನಿಮಗೂ ಸಂಶಯ ಬರುತ್ತಿತ್ತು. "ಭತ್ತ ಅಳೆಯುವ ಹಾಗೆ" ಎಂದು ಬರೆದಿದ್ದಿರಿ. ರಾಶಿಯಿಂದ ಅಂದಾಜು ಮಾಡಿ ಬರೆದಿದ್ದಾರೆ ಎಂದುಕೊಂಡೆ.

ಒಂದೇ ದಾರಿ. ನಾನು ಬಂದು ನಿಮ್ಮ ಪಕ್ಕ ಕೂತು ಎಣಿಸುತ್ತೇನೆ. ಕಳ್ಳರನ್ನು ಹಿಡಿಯಲಿಕ್ಕಲ್ಲ, ಖಂಡಿತ ಅಲ್ಲ. ಈ ಡಿಸೆಂಬರದಲ್ಲಿ ಬರೋಬ್ಬರಿ ಹುಣ್ಣಿಮೆ ಬರುತ್ತದೆ, ಬೆಳದಿಂಗಳಿನಲ್ಲಿ ಏನೂ ಕಾಣದು. 2025ರಲ್ಲಿ ಬರಲೇ?

ಅಡಿವೆಯ್ಯ

ಕುಂಬಾರವಾಡ
24 ಡಿಸೆಂಬರ್ 2024

ಅಡಿವೆಯ್ಯನವರಿಗೆ,

ಬನ್ನಿ ಎಂದೂ ಇಲ್ಲ, ಬರಬೇಡಿ ಎಂದೂ ಇಲ್ಲ. ಬಸ್ಸು ಯಾರಪ್ಪನ ಮನೆಯದೂ ಅಲ್ಲ.

ಖಾಲಿ ಫಾರ್ಮು ಇನ್ನೂ ಮೂರು ಉಳಿದಿದ್ದವು. ಬಿಸಾಡಲು ಮನಸ್ಸಾಗಲಿಲ್ಲ, ಉಲ್ಕೆ ಬೀಳುತ್ತವೆಂದು ಶಿಬಿರದಲ್ಲಿ ನೀವು ಹೇಳಿದ್ದ ರಾತ್ರಿಗಳಲ್ಲಿ ಕೂತೆ.
ಅಕ್ಟೋಬರ್ 21: ಮೋಡ. ಸೊನ್ನೆ.
ನವೆಂಬರ್ 17: ಬೆಳದಿಂಗಳು. ಸೊನ್ನೆ.
ಡಿಸೆಂಬರ್ 13: ಬೆಳದಿಂಗಳು. ಎರಡು ತಾಸಿಗೆ ಒಂಬತ್ತು.

ನಿಮ್ಮ ಮೇಲಿನ ಸಿಟ್ಟಿಗೆ ಆಕಾಶವನ್ನು ಯಾಕೆ ಬಿಡಬೇಕು? ಅದು ನಿಮ್ಮದಲ್ಲ.

ಕಾತರಿನಾ

ಮುಂಡಗೋಡ
10 ಜನವರಿ 2025

ಕಾತರಿನಾ ತಂಗಿಗೆ,

ತಂಗಿ ಎನ್ನಲು ನನಗೇನು ಅಧಿಕಾರ ಉಳಿದಿದೆಯೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿಮ್ಮ ಮೂರು ಹಾಳೆಗಳನ್ನು ಮುಂದಿಟ್ಟುಕೊಂಡು ಅಂಗಡಿಯಲ್ಲಿ ಕೂತೆ, ಆ ದಿನ ಒಂದು ಗಡಿಯಾರವನ್ನೂ ಬಿಚ್ಚಲಿಲ್ಲ. ಇಷ್ಟು ವರ್ಷದಲ್ಲಿ ನನಗೆ ಯಾರೂ ಸೊನ್ನೆ ಕಳಿಸಿರಲಿಲ್ಲ. ಕಾಣದಿದ್ದರೆ ಸುಮ್ಮನಿರುತ್ತಾರೆ, ಇಲ್ಲವೇ ಏನಾದರೂ ತುಂಬುತ್ತಾರೆ. ಚಳಿಯಲ್ಲಿ ಕೂತು "ಏನೂ ಕಾಣಲಿಲ್ಲ" ಎಂದು ಸಹಿ ಮಾಡಿ, ಅದಕ್ಕೆ ಅಂಚೆ ಚೀಟಿ ಹಚ್ಚಿ ಕಳಿಸುವವರು ಸುಳ್ಳು ಯಾಕೆ ಹೇಳುತ್ತಾರೆ? ಅದೂ ತನ್ನನ್ನು ಸುಳ್ಳಿ ಎಂದವನಿಗೆ.

ಡಿಸೆಂಬರ್ 13, 2025. ನಾನು ಬರುತ್ತೇನೆ. ಅಲ್ಲಿಯ ತನಕ ಫಾರ್ಮು ಹನ್ನೆರಡು ಕಳಿಸಿದ್ದೇನೆ.

ಅಡಿವೆಯ್ಯ

ಕುಂಬಾರವಾಡ
22 ನವೆಂಬರ್ 2025

ಅಡಿವೆಯ್ಯನವರಿಗೆ,

ಬರುವುದಾದರೆ ಕೇಳಿರಿ. ಮುಂಡಗೋಡದಿಂದ ಹಳಿಯಾಳ, ಅಲ್ಲಿಂದ ದಾಂಡೇಲಿ. ದಾಂಡೇಲಿಯಲ್ಲಿ ಊಟ ಮಾಡಿಬಿಡಿರಿ. ಜೋಯಿಡಾದಲ್ಲಿ ನಮ್ಮ ಬಸ್ಸು ತಪ್ಪಿದರೆ ಮರುದಿನವೇ ಗತಿ. ದಪ್ಪ ಕಂಬಳಿ ತರಬೇಕು. ನೀವು ಜಂಗಮರು, ನಮ್ಮ ಮನೆಯಲ್ಲಿ ಉಣ್ಣುತ್ತೀರೋ ಇಲ್ಲವೋ ಕೇಳಲು ಸಂಕೋಚ. ಉಣ್ಣದಿದ್ದರೆ ಮಾವಶಿ ಮಾಡುತ್ತಾರೆ, ಅವರು ಸಿದ್ದಿಯರಲ್ಲ. ಅವರ ಅಡುಗೆಗೆ ಮಾತ್ರ ಉಪ್ಪು ಜಾಸ್ತಿ.

ನಿಮ್ಮ ಕಣ್ಣಿಗೂ ಕಡಿಮೆ ಕಂಡರೆ ನಾನು ಸುಳ್ಳಿ ಎಂದು ಎದುರಿಗೇ ಹೇಳಿ ಹೋಗಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಯುವುದು ಬೇಡ.

ಕಾತರಿನಾ

ಮುಂಡಗೋಡ
17 ಡಿಸೆಂಬರ್ 2025

ತಂಗಿ,

ನಿನ್ನೆ ಸಂಜೆ ಮನೆ ಮುಟ್ಟಿದೆ. ನಿಮ್ಮ ಮನೆಯ ಅನ್ನ, ಹುರುಳಿಯ ಸಾರು ಇನ್ನೂ ನಾಲಿಗೆಯ ಮೇಲಿದೆ. ಬಸ್ಸು ಹತ್ತುವಾಗ ಮಾತಾಡಿದ್ದರೆ ಅಷ್ಟು ಜನರ ಮುಂದೆ ಅತ್ತುಬಿಡುತ್ತಿದ್ದೆ. ಅದಕ್ಕೆ ಎಲ್ಲವನ್ನೂ ಈಗ ಬರೆಯುತ್ತೇನೆ.

ಮೊದಲ ಕಾಲು ತಾಸು ನಾನು ಆಕಾಶ ಸರಿಯಾಗಿ ನೋಡಲೇ ಇಲ್ಲ. ನಿಮ್ಮ ಕೈ ನೋಡುತ್ತಿದ್ದೆ. ಖಂಡಿತ ಅಲ್ಲ ಎಂದು ಬರೆದಿದ್ದರೂ ನಾನು ಹಿಡಿಯಲೆಂದೇ ಬಂದಿದ್ದೆ, ತಂಗಿ. ಒಂದು ಬಿತ್ತು. ನೀವು "ಲಾಭ" ಎಂದಿರಿ. ಬೀಜ ಮೊರಕ್ಕೆ ಹೋಗಲಿಲ್ಲ, ಕಂಬಳಿಯ ಆಚೆ ನೆಲಕ್ಕೆ ಹೋಯಿತು. ಇನ್ನೊಂದು ಬಿತ್ತು. ಈಗ ಬೀಜ ಮೊರಕ್ಕೆ ಹಾಕಿ "ಒಂದು" ಎಂದಿರಿ.

"ತಂಗಿ, ಎರಡಾತಲ್ಲ?" ಎಂದೆ.

"ಒಂದ ರೀ. ಮೊದಲಿಂದು ಲಾಭ."

"ಅಂದ್ರ?"

"ಅಂದ್ರ ಏನ್ರಿ, ಕಣದಾಗ ಭತ್ತ ಅಳಿಯೂ ಮುಂದ ಮೊದಲಿನ ಕೊಳಗ ನಮ್ಮದೇನ್ರಿ? ಅದು ಹಕ್ಕಿಗೆ, ಬಂದ ಬಡವರಿಗೆ. ಲಾಭ ಅಂತ ಬದಿಗಿ ಇಡೂದು. ಆಮ್ಯಾಲ ಒಂದು, ಎರಡು."

"ಹಂಗಾರ ಪ್ರತಿ ಕಾಲ್ತಾಸಿಗೂ ಒಂದೊಂದ ಬಿಡ್ತೀರೇನ?"

"ಪ್ರತಿ ಕಾಲ್ತಾಸಿಗೂ ಹೊಸಾ ರಾಶಿ ಅಲ್ರಿ? ಮೊದಲನೇ ಕಾಗದದಾಗ ಬರದಿದ್ನಲ್ಲ, ಭತ್ತ ಅಳಿಯೂ ಹಂಗ ಎಣಿಸೇನಿ ಅಂತ. ನಿಮ್ಮ ಕಡೆ ಹೆಂಗ ಅಳೀತಾರ?"

ಅಲ್ಲೇ ಫಾರ್ಮಿನ ಲೆಕ್ಕ ಹಾಕಿದೆ. ತಾಸಿಗೆ ನಾಲ್ಕು ಮನೆ, ಆರು ತಾಸಿಗೆ ಇಪ್ಪತ್ನಾಲ್ಕು. ನೀವು ಕೂಡಿಸಿದ್ದೀರಿ ಎಂದು ಎರಡು ವರ್ಷ ನಾನು ತಿಳಿದಿದ್ದೆ. ನೀವು ಕಳೆದಿದ್ದಿರಿ. ಕಂಡದ್ದರಲ್ಲಿ ಮೊದಲಿನದನ್ನು ಬೇರೆಯವರಿಗೆಂದು ಬಿಟ್ಟು, ಉಳಿದದ್ದನ್ನು ನನಗೆ ಕಳಿಸಿದ್ದಿರಿ. ಆ ಬೆಳದಿಂಗಳ ರಾತ್ರಿಯ ಸೊನ್ನೆಯಲ್ಲೂ ಒಂದು ಚಿಕ್ಕಿ ಇತ್ತೋ ಏನೋ, ದೇವರೇ ಬಲ್ಲ.

ಆಮೇಲೆ ಮೇಲೆ ನೋಡಿದೆ. ಚಂದ್ರ ಹುಟ್ಟುವ ಮೊದಲಿನ ಆ ಒಂದು ತಾಸಿನಲ್ಲಿ, ಅರವತ್ನಾಲ್ಕು ವರ್ಷದ ಈ ಕಣ್ಣಿಗೆ ಎಂಬತ್ತೊಂದು ಕಂಡವು. ನನ್ನ ಜೀವಮಾನದಲ್ಲಿ ಅಷ್ಟು ಕಂಡಿಲ್ಲ. ನಿಮಗೆ ತೊಂಬತ್ತೆಂಟು, ಮೇಲೆ ಲಾಭ ನಾಲ್ಕು. ಪಕ್ಕದಲ್ಲೇ ಕೂತಿದ್ದೆ, ಒಂದೊಂದು ಬೀಜಕ್ಕೂ ನಾನೇ ಸಾಕ್ಷಿ.

ಇಷ್ಟೇ ಆಗಿದ್ದರೆ ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಇನ್ನೊಂದಿದೆ. 2022ರಲ್ಲಿ ನಮ್ಮ ಮನೆ ಮುಂದಿನ ಸರ್ಕಲ್ಲಿಗೆ ಎತ್ತರದ ಕಂಬ ನೆಟ್ಟು ದೀಪ ಹಾಕಿದರು. ಆವತ್ತಿನಿಂದ ನನ್ನ ಮಾಳಿಗೆಯ ಮೇಲಿನಿಂದ ಸಪ್ತರ್ಷಿಗಳೇ ಸರಿಯಾಗಿ ಕಾಣುವುದಿಲ್ಲ. ನಾನು ನಲವತ್ತಾರು ಎಂದು ಬರೆದ ಆ ತಾಸಿನಲ್ಲಿ ನಿಜವಾಗಿ ಕಂಡದ್ದು ಹತ್ತೊಂಬತ್ತು. ಉಳಿದದ್ದು ಅಂದಾಜು. ಅಂದಾಜು ಎಂಬುದು ಮರ್ಯಾದೆಯ ಮಾತು, ಅದು ಸುಳ್ಳು. ಮೂರು ವರ್ಷ ಹಾಗೇ ಬರೆದಿದ್ದೇನೆ. ಬಳಗ ಕಟ್ಟಿದವನಿಗೇ ಕಾಣುವುದಿಲ್ಲ ಎಂದರೆ ಜನ ಏನೆಂದಾರು, ನನಗೆ ಇನ್ನೇನು ಉಳಿಯುತ್ತದೆ ಎಂಬ ಹೆದರಿಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ಕೂಡಿಸಿ ಬರೆಯುತ್ತಿದ್ದೆ, ಅದಕ್ಕೇ ನೀವೂ ಕೂಡಿಸಿರಬೇಕು ಎನಿಸಿತು.

ಈಗ ನಾನೇನು ಮಾಡಲಿ? ಇದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕೇಳಲಾರೆ. ಹೇಳಿದಂತೆ ಮಾಡುತ್ತೇನೆ.

ಅಡಿವೆಯ್ಯ

ಕುಂಬಾರವಾಡ
3 ಜನವರಿ 2026

ಅಡಿವೆಯ್ಯ ಕಾಕಾ,

ಎರಡು ದಿನ ಸಿಟ್ಟಿನಲ್ಲಿ ಬೆಂದೆ. ಒಲೆ ಮುಂದೆ ಕೂತು ನಿಮ್ಮನ್ನು ಕೊಂಕಣಿಯಲ್ಲಿ ಬೈದೆ, ಕನ್ನಡ ಸಾಲಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದು ನಾನು, ಹೊಟ್ಟೆಯಲ್ಲಿ ಸುಳ್ಳು ಇಟ್ಟುಕೊಂಡಿದ್ದು ನೀವು. ಮೂರನೆಯ ದಿನ ಇನಾಸ ಹೇಳಿದ, "ಅಲ್ಲ, ಅವರು ಹೇಳದಿದ್ರ ನಿಂಗ ಗೊತ್ತಾಗ್ತಿತ್ತೇನ?" ಗೊತ್ತಾಗುತ್ತಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮನುಷ್ಯ ಗೊರಕೆ ಬಿಟ್ಟು ಮಾಡಿದ ಮೊದಲ ಒಳ್ಳೆಯ ಕೆಲಸ ಅದು.

ಕೇಳಿದ್ದೀರಿ, ಹೇಳುತ್ತೇನೆ. ಮೂರು ವರ್ಷದ ನಿಮ್ಮ ಅಂಕಿ ಹೊಡೆದುಹಾಕಿರಿ. ಬಳಗದ ಉಳಿದ ಹನ್ನೊಂದೂ ಜನರಿಗೆ ನಿಮ್ಮ ಕೈಯಿಂದಲೇ ಬರೆಯಿರಿ, ಹೊರದೇಶದವರಿಗೂ ಬರೆಯಿರಿ. ನನ್ನನ್ನು ನಂಬಲಿಲ್ಲ ಎಂದು ಈ ಶಿಕ್ಷೆಯಲ್ಲ. ಕಾಣದ್ದನ್ನು ಕಂಡೆ ಎಂದದ್ದಕ್ಕೆ. ಮುಂದಿನ ಸಲದಿಂದ ನೀವು ಎಣಿಸುವುದು ನಮ್ಮ ಕಣದಲ್ಲಿ, ನಿಮ್ಮ ಕಂಬಳಿಯನ್ನು ಇಲ್ಲೇ ಬಿಟ್ಟು ಹೋಗಿದ್ದೀರಿ.

ಇಪ್ಪತ್ನಾಲ್ಕರ ವಿಷಯ. ಕೊಟ್ಟದ್ದನ್ನು ತಿರುಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿಲ್ಲ. ಆದರೆ ಬಿದ್ದದ್ದು ಬಿದ್ದದ್ದೇ, ಅದನ್ನು ಮುಚ್ಚಿಡುವುದೂ ಸುಳ್ಳೇ ಆಗುತ್ತದೆ ಎಂದು ನಿಮ್ಮ ಕಾಗದ ಓದಿದ ಮೇಲೆ ಅನಿಸಿತು. ಬೇರೆ ಸಾಲಿನಲ್ಲಿ ಬರೆಯಿರಿ.

ಕಾಕಾ, ಒಂದು ಮಾತು ಬರೆಯಲೇಬೇಕು. ನೀವು ಆವತ್ತು ಫಾರ್ಮು ಕೊಡದಿದ್ದರೆ ನಾನು ಸಾಯುವ ತನಕ ಹಂದಿಗಳನ್ನೇ ನೋಡುತ್ತಿದ್ದೆ. ನನಗೆ ಮೇಲಿನದನ್ನು ತೋರಿಸಿದವರು ನೀವು. ಆ ಋಣ ನಿಮ್ಮ ಸುಳ್ಳಿಗಿಂತ ದೊಡ್ಡದು. ಇದನ್ನು ಸಿಟ್ಟಿನ ಎರಡು ದಿನವೂ ನಾನು ಮರೆತಿರಲಿಲ್ಲ.

ನಿಮ್ಮ ಕಾತರಿನಾ

ಮುಂಡಗೋಡ
20 ಫೆಬ್ರವರಿ 2026

ತಂಗಿ,

ಹೇಳಿದಂತೆ ಮಾಡಿದೆ. ಅಚ್ಚಾದ ತಿದ್ದುಪಡಿ ಹಾಳೆ ಇದರ ಜೊತೆಗಿದೆ. ಎಲ್ಲವೂ ದಪ್ಪ ಅಕ್ಷರದಲ್ಲಿದೆ.

"ಡಿಸೆಂಬರ್ 2023. ಕಾತರಿನಾ, ಕುಂಬಾರವಾಡ: 541. ಲಾಭ: 24. ಬಳಗದ ಇತಿಹಾಸದಲ್ಲೇ ಅತಿ ಹೆಚ್ಚು. ಇದನ್ನು ಕೈಬಿಟ್ಟದ್ದು ಸಂಪಾದಕನ ತಪ್ಪು. ಅಡಿವೆಯ್ಯ, ಮುಂಡಗೋಡ: ಮೂರು ವರ್ಷದ ಅಂಕಿಗಳು ನಿಜವಲ್ಲ, ರದ್ದು."

ಮೂರು ದಿನ ಅಂಗಡಿಯ ಬಾಗಿಲು ತೆರೆಯಲು ನಾಚಿಕೆಯಾಗಿತ್ತು. ರುದ್ರೇಶ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ವಾರದ ಮೇಲೆ ಅವನದೇ ಕಾಗದ ಬಂತು, ತನ್ನ ಹಳೆಯ ಅಂಕಿಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ ಸಹಿ ಹಾಕಿದ್ದ. ಇನ್ನಿಬ್ಬರು ಸೊನ್ನೆ ಕಳಿಸಿದ್ದಾರೆ. ನಿಮ್ಮನ್ನು ಅಂಗಡಿಯಲ್ಲಿ ಕಂಡದ್ದು ನೆನಪಾಗಿ ರುದ್ರೇಶ ಬಹಳ ನೊಂದುಕೊಂಡಿದ್ದಾನೆ.

ಗಡಿಯಾರದವನಿಗೆ ಮುಳ್ಳುಗಳು ಸರಿ ಕೂತಾಗ ಆಗುವ ನೆಮ್ಮದಿ ನನಗೆ ಈಗ ಆಗಿದೆ. ನಿಮ್ಮಿಂದ ಆಯಿತು. ಇದನ್ನು ಹೇಳದೆ ಸತ್ತರೆ ತಪ್ಪಾಗುತ್ತದೆ.

ನಿಮ್ಮ ಕಾಕಾ
ಅಡಿವೆಯ್ಯ

ಕುಂಬಾರವಾಡ
8 ಮಾರ್ಚ್ 2026

ಕಾಕಾ,

ಹಾಳೆ ಬಂತು. ನನ್ನ ಹೆಸರು ತಪ್ಪಿಲ್ಲದೆ ಅಚ್ಚಾಗಿದೆ. ಎಷ್ಟು ಸಲ ಓದಿದೆನೋ ಲೆಕ್ಕವಿಟ್ಟಿಲ್ಲ. ಮಣಿಬಾಯಿ ಮಾವಶಿಗೆ ಓದಲು ಬರುವುದಿಲ್ಲ, ಅವರ ಬೆರಳು ಹಿಡಿದು ಅಕ್ಷರದ ಮೇಲಿಟ್ಟು ತೋರಿಸಿದೆ.

"ಇಷ್ಟ ಬಿದ್ದುವು ಅಂತ ಇವರಿಗೆ ಹೇಳಿದವರ್ಯಾರ?" ಎಂದರು.

"ನಾ ಹೇಳಿದ್ದು, ಮಾವಶಿ."

"ನೋಡಿದವರು ಬ್ಯಾರೆ ಯಾರಿದ್ರು?"

"ಯಾರೂ ಇಲ್ಲ. ನೀವು ಮಲಗಿದ್ರಿ."

"ಮತ್ತ ಹೆಂಗ ಬರಕೊಂಡರು?"

"ನಾ ಹೇಳಿದ್ನಲ್ಲ, ಅದಕ್ಕ ಬರಕೊಂಡರು."

ಮಾವಶಿ ಹಾಳೆ ಮಡಚಿ ಬದಿಗಿಟ್ಟರು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು. ಅವರು ಮದುವೆಯಾಗಿ ಈ ಊರಿಗೆ ಬಂದ ವರ್ಷ, ಬೆಳಗಿನ ಜಾವ ನೀರಿಗೆ ಹೋದಾಗ, ಕಾಡಿನ ಮೇಲೆ ಒಂದು ಚಿಕ್ಕಿ ಬಿತ್ತಂತೆ. ಹಸಿರು ಬೆಳಕು, ಕೈಯ ಬಳೆ ಎಣಿಸುವಷ್ಟು. ಬಿದ್ದ ಮೇಲೆ ಗುಡುಗಿನ ಸದ್ದೂ ಬಂತಂತೆ. ಹೊಸ ಸೊಸೆ ಕಂಡಳು ಎಂದರೆ ಅಪಶಕುನ ಎನ್ನುತ್ತಾರೆ, ಮುಂದೆ ಮನೆಯಲ್ಲಿ ಯಾರು ಸತ್ತರೂ ಅವಳ ಮೇಲೇ ಬರುತ್ತದೆ ಎಂದು ಹೆದರಿ ಯಾರಿಗೂ ಹೇಳಲಿಲ್ಲವಂತೆ. ಗಂಡನಿಗೂ ಹೇಳಿಲ್ಲ. ಐವತ್ತೆರಡು ವರ್ಷ.

"ಅದೆಷ್ಟ ಚಂದ ಇತ್ತ ಗೊತ್ತೇನ ಕಾತರಿನಾ" ಎಂದು ಅತ್ತುಬಿಟ್ಟರು. ನಾನೂ ಅತ್ತೆ. ಆಮೇಲೆ "ನಂದೂ ಬರಕೋತಾರೇನ ಕೇಳ" ಎಂದರು.

ಫಾರ್ಮಿನಲ್ಲಿ ತುಂಬಲು ತಾರೀಖು ಗೊತ್ತಿಲ್ಲ, ಗಡಿಯಾರ ಇರಲಿಲ್ಲ, ಸಾಕ್ಷಿ ಯಾರೂ ಇಲ್ಲ. ಸುಗ್ಗಿ ಮುಗಿದಿತ್ತಂತೆ. ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿದ್ದೇನೆ.

ಮಣಿಬಾಯಿ, ಕುಂಬಾರವಾಡ. ಒಂದು.

ಬರೆದುಕೊಳ್ಳಿರಿ, ಕಾಕಾ.

ಕಾತರಿನಾ